ಕೇಳಿದವರ ಊಟ

ನಮ್ಮೂರಿನಲ್ಲಿ ಯಾರಾದರೂ ದೇವರ ಬಳಿ ಏನನ್ನಾದರೂ ಬೇಡಿಕೊಂಡರೆ ಅದು ಬೇರೆ ಯಾರದೋ ಮನೆಗೆ ಬರುತ್ತಿತ್ತು. ಯಾರ ಮನೆಗೆ, ಯಾವಾಗ ಎಂಬುದು ಮೊದಲೇ ತಿಳಿಯುತ್ತಿರಲಿಲ್ಲ. ಬೇಡಿಕೊಂಡವರ ಮನೆಗಂತೂ ಬರುತ್ತಿರಲಿಲ್ಲ. ನಾನು ಹುಟ್ಟುವ ಮೊದಲೂ ಹಾಗೆಯೇ ಇತ್ತು, ನನ್ನ ಅಜ್ಜಿ ಹುಟ್ಟುವ ಮೊದಲೂ ಹಾಗೆಯೇ ಇತ್ತಂತೆ. ಬಾವಿಯ ನೀರು ಗಡಸು, ಬೇಳೆ ಬೇಗ ಬೇಯುವುದಿಲ್ಲ ಎಂದು ಹೇಳುವಷ್ಟೇ ಸಹಜವಾಗಿ ಜನ ಅದನ್ನೂ ಹೇಳುತ್ತಿದ್ದರು.

ಟೈಲರ್ ಚೌರಪ್ಪ ಸೈಕಲ್ಲು ಬೇಕೆಂದು ಸಂತ ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚಿದ. ಸೈಕಲ್ಲು ಬಂದದ್ದು ಸೂಲಗಿತ್ತಿ ಅಂಜೆಲಮ್ಮನ ಮನೆಗೆ. ಬೇರೆ ಊರಿನಲ್ಲಿದ್ದ ಅವಳ ತಮ್ಮ ಯಾಕೋ ಮನಸ್ಸು ಬಂದು ಕಳಿಸಿಬಿಟ್ಟಿದ್ದ. ಮೊಣಕಾಲು ನೋವಿನ ಅಂಜೆಲಮ್ಮ ಅದನ್ನು ನಡುಮನೆಯಲ್ಲಿ ನಿಲ್ಲಿಸಿ, ಅದರ ಮೇಲೆ ಸೀರೆ ಒಣಗಿಸತೊಡಗಿದಳು. ಚೌರಪ್ಪ ದಿನಾ ಬೆಳಿಗ್ಗೆ ಬಂದು ಸೈಕಲ್ಲು ಇಸಕೊಂಡು ಹೋಗಿ ಸಂಜೆ ತಂದು ನಿಲ್ಲಿಸುತ್ತಿದ್ದ. "ಒಣಗೋ ಮುಂಚೇನೇ ಬಂದ್ಬಿಡ್ತೀಯಲ್ಲೋ, ನನ್ನ ಸೀರೆ ಎಲ್ಲಿ ಹಾಕ್ಲಿ?" ಎಂದು ಅವಳು ಬೈಯುತ್ತಿದ್ದಳು. ನಮಗೆಲ್ಲ ಜಪ, ಧರ್ಮೋಪದೇಶ ಕಲಿಸುತ್ತಿದ್ದ ಉಪದೇಶಿ ಇನ್ನಾಸಪ್ಪನವರು ರಾತ್ರಿ ಒಳ್ಳೆಯ ನಿದ್ದೆ ಬರಲೆಂದು ಬೇಡಿಕೊಂಡಾಗ ಅದು ಸುಣ್ಣ ಸುಡುವ ಗೂಡಿನ ರಾತ್ರಿ ಕಾವಲುಗಾರನಿಗೆ ಬಂತು. ಪಾಪ, ಅವನ ಕೆಲಸ ಹೋಯಿತು.

ಹೀಗೆ ಕೇಳದೆ ಏನಾದರೂ ಬಂದರೆ ಆ ಮನೆಯವರು ಗೇಟಿಗೆ ಒಂದು ಬಿಳಿ ಬಟ್ಟೆ ಕಟ್ಟಬೇಕು. ನೋಡಿದವರಲ್ಲಿ ಕೇಳಿದವರು ಯಾರೋ ಅವರಿಗೆ ಅರ್ಥವಾಗುತ್ತಿತ್ತು. ಅವರು ಬಂದು ಹೊಸ್ತಿಲ ಹೊರಗೆ ನಿಂತು "ಕೇಳಿದವನು ನಾನು" ಅಥವಾ "ಕೇಳಿದವಳು ನಾನು" ಎನ್ನಬೇಕು. ಏನು ಕೇಳಿದೆ, ಹೇಗೆ ಕೇಳಿದೆ ಎಂದು ವಿಚಾರಿಸುವ ಹಾಗಿಲ್ಲ. ನಿಜವೋ ಸುಳ್ಳೋ ಎಂದು ಅನುಮಾನ ಪಡುವುದಂತೂ ನಮ್ಮೂರಿನಲ್ಲಿ ಕೆನ್ನೆಗೆ ಹೊಡೆದಷ್ಟೇ ದೊಡ್ಡ ಅವಮಾನ. ಒಳಗೆ ಕರೆದು, ಮಣೆ ಹಾಕಿ, ಬಡಿಸಬೇಕು. ಊಟವಾದ ಮೇಲೆ ಬಂದದ್ದನ್ನು ತೋರಿಸಬೇಕು. ಬಟ್ಟೆ ಗೇಟಿನಲ್ಲಿ ಇರುವ ತನಕ ಅವರು ದಿನವೂ ಬಂದು ಅದನ್ನು ನೋಡಿ ಹೋಗಬಹುದು. ಇದಕ್ಕೆ ಕೇಳಿದವರ ಊಟ ಎಂದು ಹೆಸರು. ಮದುವೆ ಊಟಕ್ಕಿಂತ ಆ ಊಟಗಳೇ ನನಗೆ ಹೆಚ್ಚು ನೆನಪಿವೆ. ಉಣ್ಣುವವರು ತಮ್ಮದಾಗಬೇಕಿದ್ದ ವಸ್ತುವನ್ನು ಓರೆಗಣ್ಣಿನಲ್ಲಿ ನೋಡುತ್ತ, ಬಡಿಸುವವರು ಅದನ್ನು ನೋಡಿಯೂ ನೋಡದವರ ಹಾಗೆ ಇನ್ನೊಂದು ಸೌಟು ಹಾಕುತ್ತ, ಕೊನೆಗೆ ಇಬ್ಬರೂ ಬೇರೆ ಏನನ್ನೋ ನೆನೆದು ನಗುತ್ತಿದ್ದರು.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ದೇವರಿಗೆ ಕಿವಿ ಸ್ವಲ್ಪ ಮಂದ ಎಂದು ಅಂಜೆಲಮ್ಮ ಹೇಳುತ್ತಿದ್ದಳು. ನಮ್ಮ ಆಸೆಬುರುಕತನಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಇನ್ನಾಸಪ್ಪನವರು ಹೇಳುತ್ತಿದ್ದರು. ನನ್ನ ಅಪ್ಪ ರಾಯಪ್ಪ ಸುಣ್ಣದ ಗೂಡಿನಲ್ಲಿ ಕೆಲಸ ಮಾಡುತ್ತಿದ್ದ. ಗೂಡಿನ ಧೂಳು ಹಾರಿ ಬಂದು ಊರಿನ ಹೆಂಚು, ಗೋಡೆ, ಜನರ ಹುಬ್ಬು ಎಲ್ಲವೂ ಬೆಳ್ಳಗಿರುತ್ತಿದ್ದವು. "ಮೇಲಿಂದ ನೋಡಿದ್ರೆ ಎಲ್ಲಾ ಮನೇನೂ ಒಂದೇ ಥರ ಕಾಣ್ತವೆ ಕಣ್ರೀ. ದೇವರು ತಾನೆ ಏನ್ ಮಾಡ್ತಾನೆ, ಗುರುತು ಸಿಗಬೇಡ್ವಾ?" ಎನ್ನುತ್ತಿದ್ದ ಅಪ್ಪ. ಒಂದು ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ನಂಬಿಕೆ. ಯಾರೋ ಒಬ್ಬರು ಎಲ್ಲೋ ಕೇಳಿರದಿದ್ದರೆ ದೇವರು ಯಾರಿಗೂ ಏನನ್ನೂ ಕೊಡುವುದಿಲ್ಲ.

ಆದ್ದರಿಂದ ಮಾತಿನಲ್ಲಿ ನಾವು ಬಹಳ ಎಚ್ಚರ. ಆಡುವಾಗ ಬಿದ್ದು "ದೇವರೇ" ಎಂದರೆ ಸಾಕು, ಮುಂದಿನ ಮಾತು ಹೊರಡುವ ಮೊದಲೇ ಯಾರಾದರೂ ಬಾಯಿ ಮುಚ್ಚುತ್ತಿದ್ದರು. ಆ ಎಚ್ಚರ ನನ್ನಿಂದ ಇನ್ನೂ ಹೋಗಿಲ್ಲ. ಕಾಲೇಜಿಗೆ ಸೇರಿ ದೂರದ ಊರಿನ ಹಾಸ್ಟೆಲಿನಲ್ಲಿದ್ದಾಗ, ಪರೀಕ್ಷೆಯ ಹಿಂದಿನ ದಿನ ರೂಮಿನ ಹುಡುಗಿಯರು ಗಟ್ಟಿಯಾಗಿ ಅಂಕ ಬೇಡುವುದನ್ನು ಕೇಳಿ ನಾನು ಬೆವೆತುಹೋಗುತ್ತಿದ್ದೆ. ಅವರ ಅಂಕಗಳೆಲ್ಲ ನನಗೆ ಬಂದರೆ ಹಾಸ್ಟೆಲಿನ ಗೇಟಿಗೆ ಬಿಳಿ ಬಟ್ಟೆ ಕಟ್ಟಲು ವಾರ್ಡನ್ ಬಿಡುತ್ತಾರೆಯೇ ಎಂಬುದು ನನ್ನ ಚಿಂತೆ. ಬರಲಿಲ್ಲ. ಹೊರಗಿನ ಊರುಗಳಲ್ಲಿ ಹಾಗಾಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಈಗ ನಾನಿರುವ ಬೀದಿಯಲ್ಲಿ ಯಾರ ಮನೆಗೆ ಏನು ಬಂತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೇಟುಗಳ ಮೇಲೆ ನಾಯಿ ಇದೆ ಎಂಬ ಬೋರ್ಡು ಮಾತ್ರ ಇರುತ್ತದೆ. ಸಂಜೆ ನಡೆದು ಬರುವಾಗ ಯಾರಾದರೂ ಕಾಂಪೌಂಡಿನ ಮೇಲೆ ಬಿಳಿ ಟವೆಲ್ ಒಣಹಾಕಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ನಮ್ಮ ಎದುರುಮನೆ ಲೂರ್ದಮ್ಮನದು. ಗಂಡ ಸುಣ್ಣದ ಗಾಡಿ ಹೊಡೆಯುತ್ತಿದ್ದ, ಅರ್ಧ ತಿಂಗಳು ಹೊರಗೇ. ಮಕ್ಕಳಿರಲಿಲ್ಲ. ಪ್ರತಿ ಶನಿವಾರ ಅವಳು ಮಾತೆ ಮರಿಯಮ್ಮನವರ ಪೀಠದ ಮುಂದೆ ಮೇಣದಬತ್ತಿ ಹಚ್ಚಿ ಮಂಡಿಯೂರುತ್ತಿದ್ದಳು. ಏನು ಕೇಳುತ್ತಿದ್ದಳೆಂದು ಊರಿಗೆಲ್ಲ ಗೊತ್ತಿತ್ತು, ಆಡಿ ತೋರಿಸುವವರಿರಲಿಲ್ಲ. ನನ್ನ ಅವ್ವ ಜ್ಞಾನಮ್ಮನಿಗೂ ಅವಳಿಗೂ ಆಗ ಬಹಳ ಸ್ನೇಹ. ಅವ್ವ ಅವಳನ್ನು ಲೂರ್ದಕ್ಕ ಎನ್ನುತ್ತಿದ್ದಳು. ಒಬ್ಬರ ಮನೆಯ ಒಲೆಯಿಂದ ಕೆಂಡ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ನಾನು ಹುಟ್ಟಿ ಎಷ್ಟೋ ವರ್ಷಗಳ ಮೇಲೆ, ಇನ್ನು ಮಕ್ಕಳಾಗುವುದಿಲ್ಲವೆಂದು ಅವ್ವ ಸುಮ್ಮನಾಗಿದ್ದ ಕಾಲದಲ್ಲಿ, ನನ್ನ ತಂಗಿ ಕ್ಲಾರಾ ಹುಟ್ಟಿದಳು. ಕೇಳದೆ ಬಂದ ಮಗು. ಅಪ್ಪ ಗೇಟಿಗೆ ಬಟ್ಟೆ ಕಟ್ಟಿದ. ಯಾರು ಬರುತ್ತಾರೆಂದು ಬೀದಿಗೆಲ್ಲ ಗೊತ್ತಿತ್ತು.

ಲೂರ್ದಮ್ಮ ಬಂದಳು. ಹೇಳಬೇಕಾದದ್ದನ್ನು ಹೇಳಿದಳು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡಳು. ಆಮೇಲೆ ಮಗುವನ್ನು ಮಡಿಲಿಗೆ ತೆಗೆದುಕೊಂಡು, ನೆತ್ತಿ ಮೂಸಿ, ಅವ್ವನಿಗೆ ಹಿಂದಿರುಗಿಸಿದಳು. ಮಗುವನ್ನು ಅವ್ವ ತೆಗೆದುಕೊಂಡ ಮೇಲೂ ಲೂರ್ದಮ್ಮನ ಕೈಗಳು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದವು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವ್ವನೂ ಅದನ್ನು ನೋಡಿದಳು. ಮರುದಿನ ಬೆಳಿಗ್ಗೆ ಎದ್ದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಗೇಟಿನ ಬಟ್ಟೆ ಬಿಚ್ಚಿದ್ದು.

ಆಮೇಲೂ ಹೇಗೋ ನಡೆದುಕೊಂಡು ಹೋಯಿತು. ಆದರೆ ಕ್ಲಾರಾ ನಡೆಯಲು ಕಲಿತ ಹೊಸದರಲ್ಲಿ ಒಂದು ದಿನ ತಪ್ಪುಹೆಜ್ಜೆ ಹಾಕುತ್ತ ಬೀದಿ ದಾಟಿ, ಲೂರ್ದಮ್ಮನ ಮೊಣಕಾಲು ತಬ್ಬಿ, "ಅವ್ವ" ಎಂದಳು. ಮಕ್ಕಳು ಹಸುವನ್ನೂ ಅವ್ವ ಎನ್ನುತ್ತವೆ. ನನ್ನ ಅವ್ವನಿಗೆ ಹಾಗೆ ಕಾಣಲಿಲ್ಲ. ಮಗುವನ್ನು ಎತ್ತಿಕೊಂಡು ಬಂದು ಗೇಟಿಗೆ ಅಗುಳಿ ಹಾಕಿದಳು. ಅಂದಿನಿಂದ ಆ ಅಗುಳಿ ಲೂರ್ದಮ್ಮನಿಗಾಗಿ ತೆಗೆಯಲಿಲ್ಲ. "ಕೊಟ್ಟೋಳು ಅವಳು. ಯಾವತ್ತಾದ್ರೂ ವಾಪಸ್ ಕೇಳಿದ್ರೆ?" ಎಂದು ಅವ್ವ ಅಡುಗೆಮನೆಯಲ್ಲಿ ಅಪ್ಪನಿಗೆ ಹೇಳುವುದು ನನಗೆ ಕೇಳಿಸಿತು. ಅಪ್ಪ ನಗಲಿಲ್ಲ. ಆಮೇಲೆ ನಾನೂ ಎದುರುಮನೆಯ ಕಿಟಕಿಯ ಮೇಲೆ ಒಂದು ಕಣ್ಣಿಟ್ಟೆ. ಲೂರ್ದಮ್ಮ ಸಂಜೆಯ ಹೊತ್ತು ಆ ಕಿಟಕಿಯ ಬಳಿ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಅಷ್ಟು ಹೊತ್ತು ಆರಿಸುವಷ್ಟು ಅಕ್ಕಿ ಇಬ್ಬರಿರುವ ಮನೆಯಲ್ಲಿ ಎಲ್ಲಿರುತ್ತದೆ?

ಕ್ಲಾರಾ ಶಾಲೆಗೆ ಸೇರಿದ ವರ್ಷ ಅವಳಿಗೆ ಜ್ವರ ಬಂತು. ಮೊದಲು ಸಾಧಾರಣ ಜ್ವರವೆಂದು ಕಷಾಯ ಕೊಟ್ಟೆವು. ಇಳಿಯಲಿಲ್ಲ. ಬೆಳಿಗ್ಗೆ ಸ್ವಲ್ಪ ತಗ್ಗಿ ಮಧ್ಯಾಹ್ನಕ್ಕೆ ಮತ್ತೆ ಏರುತ್ತಿತ್ತು. ತುಟಿ ಒಡೆದು, ಕಣ್ಣು ಒಳಗೆ ಹೋಗಿ, ನನ್ನ ತಂಗಿ ಚಾಪೆಯ ಮೇಲೆ ಒಂದು ಮಡಿಸಿದ ಬಟ್ಟೆಯ ಹಾಗೆ ಕಾಣತೊಡಗಿದಳು. ಪಕ್ಕದೂರಿನಿಂದ ಡಾಕ್ಟರು ಬಂದು ಔಷಧಿ ಬರೆದುಕೊಟ್ಟು, ನೀರು ಕುದಿಸಿ ಕುಡಿಸಿ, ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ ಎಂದರು. ಹೊರಗೆ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಇನ್ನೂ ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ. ಆದರೆ ಒಳಗೆ ಬಂದ ಅಪ್ಪ ತಮಾಷೆಯ ಮಾತು ಬಿಟ್ಟಿದ್ದ.

ಇನ್ನಾಸಪ್ಪನವರು ನೋಡಲು ಬಂದರು. ಅವರ ತರಗತಿಯಲ್ಲಿ ಕಾಯಿಲೆ ಯಾಕೆ ಬರುತ್ತದೆ ಎಂದು ಕೇಳಿದರೆ ನಾವೆಲ್ಲ ಒಟ್ಟಿಗೆ "ಪಾಪ ಮಾಡಿದ್ದಕ್ಕೆ" ಎಂದು ಕೂಗಬೇಕಿತ್ತು. ಅವರು ಮಗುವಿನ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, ಹೊರಡುವಾಗ ಮೆಲ್ಲಗೆ, "ದೇವರು ಸುಮ್ಸುಮ್ನೆ ಜ್ವರ ಕೊಡಲ್ಲ ಜ್ಞಾನಮ್ಮ. ಎಲ್ಲೋ ಏನೋ ಒಂದು ಇರತ್ತೆ. ವಿಚಾರಿಸಿ ನೋಡಿ," ಎಂದರು. ಕೆಟ್ಟ ಮನುಷ್ಯರಲ್ಲ. ಹೊರಡುವ ಮುನ್ನ ಎರಡು ಕಿತ್ತಳೆಹಣ್ಣು ದಿಂಬಿನ ಪಕ್ಕ ಇಟ್ಟರು.

ಅವ್ವ ವಿಚಾರಿಸಿದಳು. "ಮಗಳೇ, ಏನಾದ್ರೂ ತಪ್ಪು ಮಾಡಿದ್ಯಾ? ಹೇಳ್ಬಿಡು, ನಾನು ಬೈಯಲ್ಲ."

ಕ್ಲಾರಾ ಬಹಳ ಹೊತ್ತು ಯೋಚಿಸಿದಳು. "ಕೋಳಿ ಕುಟುಕ್ತು ಅಂತ ಅದಕ್ಕೆ ಸತ್ತೋಗು ಅಂದೆ," ಎಂದಳು. ಆಮೇಲೆ ಹೆದರಿ, "ಅದು ಸಾಯ್ಲಿಲ್ಲ ಅವ್ವ. ನೋಡು ಬೇಕಾದ್ರೆ, ಹಿತ್ತಲಲ್ಲೇ ಐತೆ," ಎಂದು ಅಳತೊಡಗಿದಳು.

ಹೊಸದಾಗಿ ಬಂದಿದ್ದ ಫಾದರ್ ಮಾರನೆಯ ದಿನ ಬಂದರು. ಅವ್ವ ಕೋಳಿಯ ವಿಷಯ ಹೇಳಿ, ಇದಕ್ಕೆ ಏನು ಪ್ರಾಯಶ್ಚಿತ್ತ ಎಂದು ಕೇಳಿದಳು. ಫಾದರಿಗೆ ನಗು ಬಂತು, ಕೂಡಲೇ ಕಣ್ಣೂ ತುಂಬಿತು. "ದೇವರು ಜ್ವರದ ಅಂಗಡಿ ಇಟ್ಕೊಂಡಿಲ್ಲಮ್ಮ. ಒಂದು ಕೂಸು ಕೋಳೀನ ಬೈದಿದ್ದಕ್ಕೆ ಲೆಕ್ಕ ಹಾಕಿ ಕೂರೋನಲ್ಲ," ಎಂದರು.

"ಹಾಗಾದ್ರೆ ಇದು ಎಲ್ಲಿಂದ ಬಂತು, ಫಾದರ್?"

ಫಾದರ್ ಕೈಯಲ್ಲಿದ್ದ ಲೋಟದ ಕಡೆ ನೋಡಿ, "ಕುಡಿಯೋ ನೀರಿಂದ ಇರಬಹುದು. ಡಾಕ್ಟ್ರು ಹೇಳಿದ ಹಾಗೆ ಕುದಿಸ್ತಿದ್ದೀರಾ?" ಎಂದರು. ಅವರು ಹೋದ ಮೇಲೆ ಅವ್ವ, "ಡಾಕ್ಟ್ರು ಹೇಳಿದ್ದನ್ನೇ ಹೇಳೋಕೆ ಫಾದರ್ ಯಾಕೆ ಬೇಕಿತ್ತು?" ಎಂದಳು. ನೀರು ಮಾತ್ರ ಕುದಿಸಿದಳು.

ಅವ್ವನ ಸಂಕಟ ಏನೆಂದು ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗು ಗುಣವಾಗಲಿ ಎಂದು ಅವಳು ಕೇಳುವ ಹಾಗಿಲ್ಲ. ಕೇಳಿದರೆ ಆ ಗುಣ ಬೇರೆಯವರ ಮನೆಗೆ ಹೋಗುತ್ತದೆ. ಜಪಸರವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬಾಯಿತಪ್ಪಿಯಾದರೂ ಬೇಡಿಕೊಂಡೇನೋ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದಳು. ಊರಿನವರು ಸುಮ್ಮನಿರಲಿಲ್ಲ. ಎಲ್ಲರೂ ಕ್ಲಾರಾಗಾಗಿ ಬೇಡಿಕೊಂಡರು. ಅಂಜೆಲಮ್ಮನ ಮೊಣಕಾಲು ನೋವು ಹೋಯಿತು. ಬೇಕರಿಯವನ ಹಳೆಯ ಕೆಮ್ಮು ನಿಂತಿತು. ಇನ್ನಾಸಪ್ಪನವರ ಹೆಂಡತಿಗೆ ಕಣ್ಣು ಸರಿಯಾಗಿ ಕಾಣತೊಡಗಿತು. ಬೀದಿಯ ಉದ್ದಕ್ಕೂ ಗೇಟುಗಳಲ್ಲಿ ಬಿಳಿ ಬಟ್ಟೆ. ಕೇಳಿದವರು ತಲೆ ತಗ್ಗಿಸಿಕೊಂಡು ಆ ಮನೆಗಳಿಗೆ ಹೋಗಿ, ಒಲ್ಲದ ಮನಸ್ಸಿನಿಂದ ಉಂಡು ಬಂದರು. ಅವ್ವ ಕಿಟಕಿಯಿಂದ ಒಂದೊಂದೇ ಬಟ್ಟೆ ನೋಡುತ್ತಿದ್ದಳು. "ನನ್ನ ಮಗಳಿಗೆ ಬರಬೇಕಾದ್ದು ಊರಿನ ಮೊಣಕಾಲಿಗೆಲ್ಲ ಹೋಯ್ತು," ಎಂದಳು.

ಆ ಮಧ್ಯಾಹ್ನವೇ ಅವಳು ಅದನ್ನು ಹೇಳಿದ್ದು. "ಒಳ್ಳೇದು ಹೀಗೆ ಬರತ್ತೆ ಅಂದ್ಮೇಲೆ ಕೆಟ್ಟದ್ದೂ ಹೀಗೇ ಬರಬೇಕಲ್ಲ. ಯಾರೋ ಕೇಳಿದಾರೆ."

"ಜ್ವರಾನ ಯಾರೇ ಕೇಳ್ತಾರೆ?" ಎಂದ ಅಪ್ಪ.

"ಜ್ವರ ಅಂತ ಕೇಳಿರಲ್ಲ. ವಾಪಸ್ ಕೊಡು ಅಂತ ಕೇಳಿರ್ತಾಳೆ."

ಅಪ್ಪನಿಗೆ ಅರ್ಥವಾಯಿತು. "ಅವಳು ಕೇಳಿದ್ರೂ ಅವಳ ಮನೆಗೆ ಬರಲ್ಲವಲ್ಲ ಜ್ಞಾನ. ಅವಳಿಗೇನು ಬಂತು?"

"ಅವಳ ಮನೆಗೆ ಬರೋದು ಬೇಡ. ನಮ್ಮನೆಯಿಂದ ಹೋದ್ರೆ ಸಾಕಲ್ಲ," ಎಂದು ಅವ್ವ ಎದ್ದು, ಟ್ರಂಕಿನಿಂದ ಬಿಳಿ ಬಟ್ಟೆ ತೆಗೆದಳು. ಅಪ್ಪ ತಡೆಯಲು ಹೋದ. "ಕಾಯಿಲೆಗೆ ಬಟ್ಟೆ ಕಟ್ಟೋದು ಎಲ್ಲಾದ್ರೂ ಉಂಟೇನೇ? ಯಾರು ಬಂದು ನಾನೇ ಕೇಳಿದ್ದು ಅಂತಾರೆ?" "ಯಾರೂ ಬರದಿದ್ರೂ ಪರವಾಗಿಲ್ಲ. ಅವಳ ಬಾಗಿಲಿಗೆ ಎದುರಾಗಿದೆ. ದಿನಾ ನೋಡ್ಲಿ," ಎಂದಳು ಅವ್ವ.

ನಮ್ಮೂರಿನ ನೆನಪಿನಲ್ಲೇ ಮೊದಲ ಬಾರಿಗೆ ಒಂದು ಕಾಯಿಲೆಗಾಗಿ ಗೇಟಿಗೆ ಬಟ್ಟೆ ಕಟ್ಟಲಾಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮಗುವಿಗೆ ಗುಣವಾಯಿತೇ ಎಂದು ಸಂತೋಷದಿಂದ ಕೇಳಲು ಬಂದವರು ಅವ್ವನ ಮುಖ ನೋಡಿ ವಿಷಯ ತಿಳಿದು ಹಿಂದೆ ಸರಿದರು. ಎಲ್ಲರ ಕಣ್ಣೂ ಎದುರುಮನೆಯ ಕಡೆ ಹೊರಳಿತು. ನಾನೂ ಅಲ್ಲಿಗೇ ನೋಡುತ್ತಿದ್ದೆ. ಕಿಟಕಿಯಲ್ಲಿ ಲೂರ್ದಮ್ಮ ಇರಲಿಲ್ಲ. ಮೊರ ಮಾತ್ರ ಇತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಮನೆಯ ಬಾಗಿಲು ತೆರೆಯಿತು. ತಲೆ ಬಾಚಿ, ಭಾನುವಾರದ ಪೂಜೆಗೆ ಉಡುವ ಕಂದು ಸೀರೆ ಉಟ್ಟು, ಸೆರಗು ಹೊದ್ದುಕೊಂಡು ಲೂರ್ದಮ್ಮ ಬೀದಿ ದಾಟಿದಳು. ಅವಳು ತಾನೇ ಅಗುಳಿ ಸರಿಸಿ, ಗೇಟು ದಾಟಿ, ನಮ್ಮ ಹೊಸ್ತಿಲ ಹೊರಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಕೇಳಿದವಳು ನಾನು," ಎಂದಳು.

ತಾನೇ ಆಪಾದಿಸಿದ್ದರೂ, ಅದು ನಿಜವೆಂದು ಒಬ್ಬರು ಬಂದು ಹೇಳುತ್ತಾರೆಂದು ಅವ್ವ ಎಣಿಸಿರಲಿಲ್ಲ ಎಂದು ಕಾಣುತ್ತದೆ. ಆದರೆ ಪದ್ಧತಿ ಪದ್ಧತಿಯೇ. ಮಣೆ ಹಾಕಲೇಬೇಕು. ಅವ್ವ ಮಣೆಯನ್ನು ನೆಲಕ್ಕೆ ಕುಕ್ಕಿದಳು. ತಟ್ಟೆಯನ್ನು ಅದರ ಮುಂದೆ ಎಸೆದಳು. ಅನ್ನ ಬಡಿಸುತ್ತ, "ನಿನ್ನ ಹೊಟ್ಟೆ ತಣ್ಣಗಾಯ್ತಾ?" ಎಂದಳು. "ಏನಂತ ಕೇಳಿದೆ? ನನ್ನ ಮಗು ಏನು ಮಾಡಿತ್ತು ನಿನಗೆ? ಯಾವ ಬಾಯಲ್ಲಿ ಕೇಳಿದೆ?"

"ಕೇಳಿದ್ದನ್ನ ಹೇಳೋ ಪದ್ಧತಿ ಇಲ್ಲ," ಎಂದಳು ಲೂರ್ದಮ್ಮ. "ಇನ್ನೊಂಚೂರು ಸಾರು ಹಾಕು."

ಉಂಡು ಕೈ ತೊಳೆದು, "ಈಗ ತೋರಿಸು," ಎಂದಳು. ಬಂದದ್ದನ್ನು ತೋರಿಸಲೇಬೇಕಲ್ಲ. ಅವ್ವ ದಾರಿ ಬಿಟ್ಟಳು. ಲೂರ್ದಮ್ಮ ಚಾಪೆಯ ಪಕ್ಕ ಕುಳಿತು, ಕ್ಲಾರಾಳ ಹಣೆಯ ಮೇಲಿನ ಬಟ್ಟೆ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಒಣಗೋಗಿದೆ ಕಣೆ ಮೋನಿಕಾ. ತಣ್ಣೀರು ತಾ," ಎಂದಳು. ಅಷ್ಟು ಸಹಜವಾಗಿ ಹೇಳಿದಳೆಂದರೆ, ಅವ್ವನ ಅಪ್ಪಣೆಗೆ ಕಾಯದೆ ನಾನು ಓಡಿದೆ.

ಮರುದಿನವೂ ಬಂದಳು. ಅದರ ಮರುದಿನವೂ. ಔಷಧಿಯ ಮಾತ್ರೆಯನ್ನು ಪುಡಿಮಾಡಿ ಜೇನಿನಲ್ಲಿ ಕಲಸಿ ನೆಕ್ಕಿಸುವುದು, ಗಂಜಿಯನ್ನು ಚಮಚ ಚಮಚವಾಗಿ ಕುಡಿಸುವುದು, ಕುಡಿದದ್ದು ಹೊರಗೆ ಬಂದರೆ ಬೇಸರಿಸದೆ ಒರೆಸಿ ಮತ್ತೆ ಶುರುಮಾಡುವುದು. ಗಂಡನ ಎತ್ತುಗಳು ಒಂದಕ್ಕೊಂದು ಮುನಿಸಿಕೊಂಡು ಗಾಡಿ ಎಳೆಯದೆ ನಿಂತ ಕಥೆ ಹೇಳುತ್ತಿದ್ದಳು. ಕ್ಲಾರಾ ಕಣ್ಣು ಮುಚ್ಚಿಕೊಂಡೇ, "ಆಮೇಲೆ?" ಎನ್ನುತ್ತಿದ್ದಳು. ಅವ್ವ ಒಲೆಯ ಬಳಿಯಿಂದ ಬೈಯುತ್ತಲೇ ಇರುತ್ತಿದ್ದಳು. ಬಂಜೆ ಎಂಬ ಮಾತನ್ನೂ ಒಂದು ದಿನ ಆಡಿದಳು. ಅಪ್ಪ "ಜ್ಞಾನ!" ಎಂದು ಗದರಿದ. ಲೂರ್ದಮ್ಮ ತಲೆಯೆತ್ತದೆ, "ಬೈಯ್ಲಿ ಬಿಡು ರಾಯಪ್ಪ. ಎದುರಿಗೆ ಒಬ್ಬರು ಕೂತಿದ್ರೆ ಬೈಯೋಕೆ ಸುಲಭ," ಎಂದಳು.

ನಾನು ಆಗ ಎಲ್ಲವನ್ನೂ ಗಮನಿಸುತ್ತಿದ್ದೆ, ಗಮನಿಸದಿದ್ದರೆ ಏನಾದರೂ ಕೈಜಾರಿ ಹೋಗುತ್ತದೆ ಎಂಬ ಭಯ. ಹಾಗಾಗಿ ಎರಡು ವಿಷಯ ನನಗೆ ಸ್ಪಷ್ಟವಾಗಿ ನೆನಪಿವೆ. ಲೂರ್ದಮ್ಮ ಬಂದ ದಿನದಿಂದ ಅವ್ವ ಕ್ಲಾರಾಳ ಬಳಿ ಏನು ತಪ್ಪು ಮಾಡಿದೆ ಎಂದು ಕೇಳುವುದನ್ನು ಬಿಟ್ಟಳು. ಮಗುವಿನ ಹಣೆ ಮುಟ್ಟುವಾಗ ಅವಳ ಕೈಯಲ್ಲಿ ಇದ್ದ ಅನುಮಾನ ಹೋಯಿತು. ಇನ್ನೊಂದು, ಬೇಕಿದ್ದರೆ ಯಾವ ಬೆಳಿಗ್ಗೆಯಾದರೂ ಅವ್ವ ಗೇಟಿನ ಬಟ್ಟೆ ಬಿಚ್ಚಬಹುದಿತ್ತು. ಬಿಚ್ಚಿದ್ದರೆ ಲೂರ್ದಮ್ಮ ಬರುವ ಹಾಗಿರಲಿಲ್ಲ. ಒಂದು ದಿನ ಗಾಳಿಗೆ ಅದರ ಗಂಟು ಸಡಿಲವಾಗಿತ್ತು. ಅವ್ವ ನೀರು ತರಲು ಹೋಗುವವಳು ನಿಂತು, ಸುತ್ತ ನೋಡಿ, ಗಂಟನ್ನು ಬಿಗಿಮಾಡಿ ಹೋದಳು.

ಬೈಗುಳ ನಿಂತದ್ದು ಯಾವಾಗ ಎಂದು ಹೇಳಲಾರೆ. ಮೊದಲು ಎರಡು ಬೈಗುಳದ ನಡುವೆ "ಬಿಸಿನೀರು ಆಗಿದೆ, ತಗೋ" ಎಂಬುದು ಬಂತು. ಆಮೇಲೆ ಒಂದು ಮಧ್ಯಾಹ್ನ ಇಬ್ಬರೂ ಮಗುವಿನ ಎರಡು ಪಕ್ಕ ಕುಳಿತು ಮಾತಿಲ್ಲದೆ ಬೀಸಣಿಗೆ ಬೀಸುತ್ತಿದ್ದುದನ್ನು ನೋಡಿದೆ. ಆ ದಿನ ಕ್ಲಾರಾ ನನ್ನನ್ನು ಗುರುತಿಸಲಿಲ್ಲ. ಅಪ್ಪ ಹೊರಗೆ ಜಗಲಿಯ ಮೇಲೆ ಕುಳಿತು ಸುಣ್ಣ ಮೆತ್ತಿದ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಅದಕ್ಕಿಂತ ಕೆಟ್ಟ ದಿನ ಮತ್ತೆ ಬರಲಿಲ್ಲ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ದಿಂಬು ಒದ್ದೆಯಾಗಿತ್ತು. ಅಪ್ಪ ಲೋಟ ಉರುಳಿತೆಂದು ತಿಳಿದು ಹುಡುಕಿದ. ಲೋಟ ನೆಟ್ಟಗೇ ಇತ್ತು. ಒದ್ದೆಯಾದದ್ದು ಬೆವರಿನಿಂದ. ಲೂರ್ದಮ್ಮ ಬಂದು ಮಗುವಿನ ಕುತ್ತಿಗೆಯ ಕೆಳಗೆ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, "ಇಳೀತು," ಎಂದಳು. ಮಧ್ಯಾಹ್ನ ಏರಲಿಲ್ಲ. ಮರುದಿನವೂ ಏರಲಿಲ್ಲ. ಡಾಕ್ಟರು ಬಂದು, ಇನ್ನು ಭಯವಿಲ್ಲ ಎಂದರು. ಅವತ್ತು ಲೂರ್ದಮ್ಮ ಯಾರಿಗೂ ಹೇಳದೆ ಎದ್ದು ತನ್ನ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಕ್ಲಾರಾ ಎದ್ದು ಕುಳಿತ ಭಾನುವಾರ ಅವ್ವ ಗೇಟಿನ ಬಟ್ಟೆ ಬಿಚ್ಚಿದಳು. ಒಗೆದು, ಒಣಗಿಸಿ, ಅದನ್ನೇ ಮತ್ತೆ ಕಟ್ಟಿದಳು. ಜ್ವರಕ್ಕಲ್ಲ, ಗುಣಕ್ಕೆ. ಕೋಳಿ ಸಾರು ಮಾಡಿದಳು. ಸಾರಿನ ವಾಸನೆ ಬೀದಿಯ ತುದಿಯವರೆಗೂ ಹೋಯಿತು. ಚೌರಪ್ಪ ಸೈಕಲ್ಲಿನಿಂದ ಇಳಿದು ನಿಂತು, ಉಸಿರೆಳೆದುಕೊಂಡು, ಮತ್ತೆ ಹತ್ತಿ ಹೋದ. ಯಾರೂ ಒಳಗೆ ಬರಲಿಲ್ಲ. ಊರಿನವರು ಬೇಡಿಕೊಂಡದ್ದೆಲ್ಲ ಅಂಜೆಲಮ್ಮನ ಮೊಣಕಾಲಿಗೆ, ಬೇಕರಿಯವನ ಕೆಮ್ಮಿಗೆ ಬಂದು, ಅವರ ಊಟಗಳೂ ಮುಗಿದಿದ್ದವು. ಇದು ನನ್ನದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಕಾದಳು. ಅನ್ನ ಆರಿತು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದುಕೊಂಡು, ಬೀದಿ ದಾಟಿದಳು. ಕ್ಲಾರಾ ಹುಟ್ಟಿದ ಮೇಲೆ ಅವಳು ಆ ಮನೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಲೂರ್ದಮ್ಮ ಒಲೆ ಊದುತ್ತಿದ್ದಳು.

"ಅನ್ನ ಆರ್ತಾ ಇದೆ. ಬರಬಾರದಾ?" ಎಂದಳು ಅವ್ವ.

"ಯಾಕೆ?"

"ಯಾಕೆ ಅಂದ್ರೆ? ಬಟ್ಟೆ ಕಟ್ಟಿದೀನಿ, ಕಾಣ್ಲಿಲ್ವಾ? ನೀನೇ ತಾನೆ ಕೇಳಿದ್ದು?"

ಲೂರ್ದಮ್ಮ ಊದುಗೊಳವೆ ಕೆಳಗಿಟ್ಟಳು. "ಇಲ್ಲ ಜ್ಞಾನ. ನಾನು ಕೇಳ್ಲಿಲ್ಲ."

"ಸುಳ್ಳು ಹೇಳ್ಬೇಡ."

"ಸುಳ್ಳಲ್ಲ. ನಾನು ಏನನ್ನೂ ಕೇಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಕ್ಲಾರಾ ಹುಟ್ಟಿದ ಮೇಲೆ ಒಂದು ಸಲಾನೂ ಕೇಳಿಲ್ಲ. ಏನಾದ್ರೂ ಕೇಳಿದ್ರೆ ಎಲ್ಲಿ ಏನು ಅಲ್ಲಾಡತ್ತೋ ಅಂತ ಭಯ ನನಗೆ. ಚರ್ಚಿಗೆ ಹೋಗ್ತೀನಿ, ಕೂರ್ತೀನಿ, ಎದ್ದು ಬರ್ತೀನಿ. ಅಷ್ಟೇ."

ಅವ್ವನ ಹಿಡಿತ ನನ್ನ ಬೆರಳುಗಳ ಮೇಲೆ ಬಿಗಿಯಾಯಿತು. ಅವಳು ಲೆಕ್ಕ ಹಾಕುತ್ತಿದ್ದಳು. ನಾನೂ ಹಾಕುತ್ತಿದ್ದೆ. "ಹಾಗಾದ್ರೆ ಜ್ವರ?" ಎಂದಳು.

"ಜ್ವರ ಯಾರಾದ್ರೂ ಕೇಳ್ತಾರೇನೇ ಹುಚ್ಚಿ?"

"ಮತ್ತೆ ಇಡೀ ಬೀದಿ ಮುಂದೆ ಬಂದು ಯಾಕೆ ಹಾಗಂದೆ? ನಾನು ಏನೇನೆಲ್ಲ ಬೈದೆ ನಿನ್ನ. ಯಾಕೆ ಅನ್ನಿಸ್ಕೊಂಡೆ?"

"ಮಗು ಒಳಗಿತ್ತು," ಎಂದಳು ಲೂರ್ದಮ್ಮ. "ನೀನು ಬಾಗಿಲು ತೆಗೀಬೇಕಿತ್ತು. ಬೇರೆ ಏನು ಹೇಳಿದ್ರೆ ತೆಗೀತಿದ್ದೆ?"

ಒಲೆಯ ಹೊಗೆ ಮೂವರ ಕಣ್ಣಿಗೂ ಬರುತ್ತಿತ್ತು. ಅವ್ವ ತನಗೇ ಹೇಳಿಕೊಳ್ಳುವವಳ ಹಾಗೆ, "ಹಾಗಾದ್ರೆ ಜ್ವರಾನೂ ಗುಣಾನೂ ಯಾರೂ ಕೇಳದೇನೇ ಬಂತಾ?" ಎಂದಳು.

"ಬಂದಿರಬೇಕು."

ಇದು ನಮ್ಮೂರಿನಲ್ಲಿ ಯಾರೂ ಆಡಿರದ ಮಾತು. ಅದರ ತೂಕ ನನಗೆ ಆಗ ತಿಳಿಯಲಿಲ್ಲ, ಆದರೆ ಅವ್ವನ ಮುಖ ನೋಡಿದೆ. ಇಷ್ಟು ಕಾಲ ತಾನು ಬಾಗಿಲಿನ ಹೊರಗೆ ನಿಲ್ಲಿಸಿದ್ದು ಯಾರನ್ನೆಂದು ಈಗ ಗುರುತು ಸಿಕ್ಕವಳ ಹಾಗೆ ಇತ್ತು ಅದು. ಅವಳು ಬಗ್ಗಿ, ಲೂರ್ದಮ್ಮನ ಮೊಣಕೈ ಹಿಡಿದು ಎಬ್ಬಿಸಿದಳು. "ಏಳು ಲೂರ್ದಕ್ಕ. ಊಟಕ್ಕೆ ಬಾ."

"ಕೇಳದೋರಿಗೆ ಬಡಿಸೋ ಪದ್ಧತಿ ಇಲ್ಲವಲ್ಲೇ."

"ಇವತ್ತಿಂದ ಇದೆ. ಬಾ."

ಮಣೆ ಹಾಕುವಾಗ ಅವ್ವ ಒಂದಲ್ಲ, ಎಲ್ಲರಿಗೂ ಹಾಕಿದಳು. ಕೇಳಿದವರು ಉಂಡ ಮೇಲೆಯೇ ಮನೆಯವರು ಉಣ್ಣಬೇಕು ಎಂಬ ನಿಯಮವೂ ಅಂದು ಹೋಯಿತು. ಕ್ಲಾರಾಳನ್ನು ಎತ್ತಿ ತಂದು ಲೂರ್ದಮ್ಮನ ಮಡಿಲಲ್ಲಿ ಕೂರಿಸಿ, "ನೀನೇ ಉಣಿಸು," ಎಂದಳು. ಲೂರ್ದಮ್ಮ ಅನ್ನವನ್ನು ಸಾರಿನ ತಿಳಿಯಲ್ಲಿ ಮೆತ್ತಗೆ ಕಲಸಿ, ತಾನು ಒಂದು ತುತ್ತು ತಿಂದು, ಮಗುವಿನ ಬಾಯಿಗೆ ಒಂದು ಇಟ್ಟಳು. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನೂ ಉಣ್ಣುತ್ತಿದ್ದೆ. ಕ್ಲಾರಾ ಅಗಿಯುವುದನ್ನು ನಿಲ್ಲಿಸಿ, ಮುಖ ಸೊಟ್ಟ ಮಾಡಿದಳು.

"ಅವ್ವ, ಉಪ್ಪೇ ಹಾಕಿಲ್ಲ."

ಅವ್ವ ಒಂದು ತುತ್ತು ಬಾಯಿಗಿಟ್ಟು ನೋಡಿದಳು. ನಿಜವಾಗಿಯೂ ಹಾಕಿರಲಿಲ್ಲ. ಜ್ವರ ಶುರುವಾದಾಗಿನಿಂದ ಗಂಜಿ, ಜೇನು, ಕಹಿ ಔಷಧಿ ಯಾವುದರ ರುಚಿಯೂ ಕ್ಲಾರಾಳ ನಾಲಿಗೆಗೆ ತಿಳಿದಿರಲಿಲ್ಲ. ಈಗ ತಿಳಿಯುತ್ತಿತ್ತು. ಅವ್ವ ಅಪ್ಪನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಕೊನೆಗೆ ಲೂರ್ದಮ್ಮನ ಅರ್ಧ ಖಾಲಿಯಾದ ತಟ್ಟೆಯ ಕಡೆ ನೋಡಿದಳು.

"ಅಲ್ಲ ಲೂರ್ದಕ್ಕ, ಅಷ್ಟು ಉಂಡ್ಯಲ್ಲ, ಉಪ್ಪು ಬೇಕು ಅಂತ ಒಂದು ಮಾತು ಕೇಳಬಾರದಾ?"

"ಕೇಳ್ತಿದ್ದೆ," ಎಂದಳು ಲೂರ್ದಮ್ಮ, ಮಗುವಿಗೆ ಇನ್ನೊಂದು ತುತ್ತು ಕಲಸುತ್ತ. "ಆಮೇಲೆ ಉಪ್ಪು ಅಂಜೆಲಮ್ಮನ ಮನೆಗೆ ಹೋಗ್ಬಿಟ್ರೆ?"

ಮೊದಲು ನಕ್ಕದ್ದು ಅಪ್ಪ. ಅವ್ವ ಉಪ್ಪಿನ ಮರಿಗೆ ತರಲು ಎದ್ದವಳು ಅಡುಗೆಮನೆಯ ಬಾಗಿಲವರೆಗೂ ಹೋಗಲಾರದೆ, ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ನೋಯುವಷ್ಟು ನಗುತ್ತ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.